ಕೈಗುಣ

ನಮ್ಮ ಬಸವೇಶ್ವರನಗರದ ಮನೆಗೆ ತಿಂಗಳಿಗೊಬ್ಬರಾದರೂ ಒಂದು ಪ್ರಶ್ನೆ ಹೊತ್ತುಕೊಂಡು ಬರುತ್ತಾರೆ. "ಸಿಸ್ಟರ್, ಸೊಸೆಗೆ ಸಿಸೇರಿಯನ್ ಆಗಬೇಕಂತೆ. ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ, ಸ್ವಲ್ಪ ಹೇಳಿ." ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತಳಾದವಳು ನಾನು. ಕೆಲಸ ಬಿಟ್ಟು ಇಷ್ಟು ಕಾಲವಾದರೂ ಬೀದಿಯವರಿಗೆಲ್ಲ ಇನ್ನೂ ಸಿಸ್ಟರೇ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ತಿಳಿದ ಒಂದೆರಡು ಹೆಸರು ಹೇಳಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ ಮಾತ್ರ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಅವರು ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ನನಗೆ ಗೊತ್ತು. ಗೊತ್ತಾದದ್ದು ಹೇಗೆ ಎಂಬುದನ್ನು ಹೇಳಿಕೊಳ್ಳಲು ಸಂಕೋಚ.

ಕೈಗುಣ ಎಂಬುದು ನಮ್ಮ ಭಾಷೆಯ ಬಹಳ ಒಳ್ಳೆಯ ಮಾತು. ಉಪ್ಪಿನಕಾಯಿ ಹಾಕುವ ಅಜ್ಜಿಗೆ ಕೈಗುಣ, ಹೂವಿನ ಗಿಡ ನೆಡುವವಳಿಗೆ ಕೈಗುಣ, ಸೂಲಗಿತ್ತಿಗೆ ಕೈಗುಣ. ಆದದ್ದು ಒಳ್ಳೆಯದಾದರೆ ಆ ಕೈಯನ್ನು ಹೊಗಳುತ್ತೇವೆ. ಕೆಟ್ಟರೆ? ಆಗಲೂ ಒಂದು ಕೈಯನ್ನೇ ಹುಡುಕುತ್ತೇವೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ "ಯಾರು ಮುಟ್ಟಿದ್ದು?" ಎಂಬುದೇ ಮೊದಲ ಮಾತು. ಮನೆಯಲ್ಲಿ ಹೊಸದಾಗಿ ಬಂದ ಸೊಸೆಯೋ, ತಿಂಗಳ ರಜೆಯಲ್ಲಿರುವ ಹುಡುಗಿಯೋ ಇದ್ದರೆ ಮುಗಿಯಿತು, ಅಪರಾಧಿ ಸಿಕ್ಕಹಾಗೆಯೇ. ಜಾಡಿ ಒದ್ದೆಯಾಗಿತ್ತೇ, ಉಪ್ಪು ಸಾಲದೆ ಹೋಯಿತೇ, ಮಾವಿನಕಾಯಿಯ ನೀರು ಆರಿರಲಿಲ್ಲವೇ ಎಂದು ಕೇಳುವವರು ಕಡಿಮೆ. ಹಾಗೆ ಕೇಳದಿದ್ದರೆ ಮುಂದಿನ ವರ್ಷವೂ ಬೂಷ್ಟು ಬರುತ್ತದೆ, ಮುಂದಿನ ವರ್ಷವೂ ಒಬ್ಬಳು ಬೈಸಿಕೊಳ್ಳುತ್ತಾಳೆ.

ಅಡುಗೆಮನೆಯಲ್ಲಿ ನಷ್ಟವಾಗುವುದು ಒಂದು ಜಾಡಿ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹಾಗಲ್ಲ.

1986ರ ಮಾತು. ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇ.ಎಸ್.ಐ. ಆಸ್ಪತ್ರೆಯಿತ್ತು. ಉಳಿದವರು ದೊಡ್ಡ ಕಾಯಿಲೆಯೆಂದರೆ ಮಾರ್ಕೆಟ್ಟಿನ ಬಳಿಯ ವಿಕ್ಟೋರಿಯಾಕ್ಕೆ, ಹೆರಿಗೆಯೆಂದರೆ ಪಕ್ಕದ ವಾಣಿವಿಲಾಸಕ್ಕೆ ಬಸ್ಸು ಹತ್ತಬೇಕಿತ್ತು. ವಿಜಯನಗರ, ಬಸವೇಶ್ವರನಗರಗಳಲ್ಲಿ ಸೈಟುಗಳು ತುಂಬಿ ಮನೆಗಳು ಎದ್ದಂತೆ, ಅವುಗಳ ನಡುವೆ ನರ್ಸಿಂಗ್ ಹೋಮುಗಳೂ ಎದ್ದವು. ಎರಡಂತಸ್ತಿನ ಮನೆಯನ್ನೇ ಅಷ್ಟಿಷ್ಟು ಬದಲಿಸಿ, ಕೆಳಗೆ ಹದಿನೈದು ಹಾಸಿಗೆ, ಮೇಲೆ ಒಂದು ಥಿಯೇಟರು. ಅಂಥ ಒಂದರಲ್ಲಿ ನಾನು ಥಿಯೇಟರ್ ಸಿಸ್ಟರ್ ಆಗಿದ್ದೆ. ಹೆಸರು ಬೇಡ. ಈಗ ಆ ಕಟ್ಟಡವೂ ಇಲ್ಲ.

ಆ ಬೇಸಿಗೆಯಲ್ಲಿ ನಮ್ಮಲ್ಲಿ ಹೊಲಿಗೆಗಳು ಕೀವಾಗತೊಡಗಿದವು. ಮೊದಲು ಒಬ್ಬ ಸಿಸೇರಿಯನ್ ಬಾಣಂತಿ, ಆಮೇಲೆ ಗರ್ಭಕೋಶ ತೆಗೆಸಿಕೊಂಡ ಇಬ್ಬರು, ಆಮೇಲೆ ಹರ್ನಿಯದ ಒಬ್ಬ ಮುದುಕರು. ಒಂದೂವರೆ ತಿಂಗಳಲ್ಲಿ ಏಳು ಜನ. ಐದನೆಯ ದಿನ ಜ್ವರ, ಹೊಟ್ಟೆಯ ಮೇಲೆ ಕೆಂಪು, ಹೊಲಿಗೆ ಬಿಚ್ಚಿದರೆ ದುರ್ವಾಸನೆ. ದೇವರ ದಯೆಯಿಂದ ಯಾರ ಜೀವವೂ ಹೋಗಲಿಲ್ಲ. ಆದರೆ ಒಬ್ಬ ಬಾಣಂತಿ ಇಪ್ಪತ್ತಾರು ದಿನ ಮಗುವಿಗೆ ಸರಿಯಾಗಿ ಹಾಲು ಕೊಡಲಾಗದೆ ಮಲಗಿದ್ದಳು. ಅವಳ ತಾಯಿ ಪ್ರತಿದಿನ ಡ್ರೆಸ್ಸಿಂಗಿನ ಹೊತ್ತಿಗೆ ಬಾಗಿಲ ಹೊರಗೆ ನಿಂತು ಅಳುತ್ತಿದ್ದದ್ದು ಇಂದಿಗೂ ಕಿವಿಯಲ್ಲಿದೆ.

ಒಂದು ದಿನ ದೊಡ್ಡ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ತೋರಿಸಿ ಎಂದರು. ಥಿಯೇಟರಿನ ಆಯಾ ಕೆಂಗೇರಿ ಕಡೆಯಿಂದ ಬರುತ್ತಿದ್ದ ತೆಳ್ಳಗಿನ ಹೆಂಗಸು. ಸಲಕರಣೆ ತೊಳೆಯುವುದು, ಗಾಸ್ ಬಟ್ಟೆ ಮಡಿಸುವುದು, ಡ್ರಮ್ಮಿಗೆ ತುಂಬುವುದು ಅವಳ ಕೆಲಸ. ಅವಳ ಬೆರಳ ಸಂದಿಗಳು ಒಡೆದು ಹುಣ್ಣಾಗಿದ್ದವು. "ಇಲ್ಲಿದೆ ನೋಡಿ ಕೀವಿನ ಬೇರು" ಎಂದರು ಡಾಕ್ಟರು. ಆ ಕೈ ಹಾಗಾದದ್ದು ನಮ್ಮದೇ ಲೈಸಾಲ್ ನೀರಿನಲ್ಲಿ ದಿನವೆಲ್ಲ ನೆನೆದು ಎಂಬುದು ನನಗೆ ಗೊತ್ತಿತ್ತು. ಕೈಗವಸು ಕೊಡಿ ಎಂದು ಅವಳು ಎರಡು ಸಲ ಕೇಳಿದ್ದೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅಂದು ಸಂಜೆಯೇ ಅವಳ ಲೆಕ್ಕ ಚುಕ್ತಾ ಮಾಡಿದರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ನಾನು ಟ್ರೇಯಲ್ಲಿನ ಕತ್ತರಿಗಳನ್ನು ಎಣಿಸುತ್ತಿರುವವಳಂತೆ ತಲೆ ತಗ್ಗಿಸಿದೆ.

ಥಿಯೇಟರನ್ನು ಮೂರು ದಿನ ಮುಚ್ಚಿ, ಗೋಡೆ ತೊಳೆದು, ಫಾರ್ಮಲಿನ್ ಹೊಗೆ ಹಾಕಿದೆವು. ಸುದ್ದಿ ಹಬ್ಬಿದ್ದರಿಂದ ಕೇಸುಗಳೂ ಕಡಿಮೆಯಾದವು. ಮೂರು ವಾರ ಒಂದು ಹೊಲಿಗೆಯೂ ಕೆಡಲಿಲ್ಲ. "ನೋಡಿದಿರಾ?" ಎಂದರು ಎಲ್ಲರೂ. ನಾನೂ ಹಾಗೆಯೇ ನಂಬಿ ಮನಸ್ಸನ್ನು ಹಗುರ ಮಾಡಿಕೊಂಡೆ. ನಾಲ್ಕನೆಯ ವಾರ ಕೇಸುಗಳು ಮತ್ತೆ ಹೆಚ್ಚಿದವು. ಕೀವೂ ಮತ್ತೆ ಬಂತು.

ಇಲ್ಲಿ ನಮ್ಮ ಕಥೆಯನ್ನು ಸ್ವಲ್ಪ ನಿಲ್ಲಿಸಿ ವಿಯೆನ್ನಾ ನಗರದ ಒಂದು ಹೆರಿಗೆ ಆಸ್ಪತ್ರೆಯ ಸಂಗತಿ ಹೇಳಬೇಕು. ನರ್ಸಿಂಗ್ ಓದುವಾಗ ಸೆಮೆಲ್ವೈಸ್ ಎಂಬ ಹೆಸರನ್ನು ಪರೀಕ್ಷೆಗಾಗಿ ಒಂದು ಸಾಲಿನಲ್ಲಿ ಬಾಯಿಪಾಠ ಮಾಡಿದ್ದೆ: 'ಕೈ ತೊಳೆಯುವುದನ್ನು ಕಲಿಸಿದವನು.' ಪೂರ್ತಿ ಕಥೆ ಓದಿದ್ದು ಬಹಳ ವರ್ಷಗಳ ಮೇಲೆ. ಓದುತ್ತಾ ಹೋದಂತೆ ನಮ್ಮ ನರ್ಸಿಂಗ್ ಹೋಮೇ ಕಣ್ಣ ಮುಂದೆ ಬಂತು.

1840ರ ದಶಕ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಎರಡನೆಯದರಲ್ಲಿ 4ಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೆಯ ವಿಭಾಗ ಬೇಡವೆಂದು ಕಾಲಿಗೆ ಬಿದ್ದು ಬೇಡುತ್ತಿದ್ದರಂತೆ. ಬೀದಿಯಲ್ಲಿ ಹೆತ್ತು ಬಂದವರೇ ಅಲ್ಲಿ ಹೆತ್ತವರಿಗಿಂತ ಹೆಚ್ಚು ಬದುಕುತ್ತಿದ್ದರು.

ಕಾರಣ ಹುಡುಕಲು ಸಮಿತಿಯೊಂದು ಕುಳಿತಿತು. ವಿದೇಶಿ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷೆ ಮಾಡುತ್ತಾರೆ, ಅದಕ್ಕೇ ಹೀಗೆ, ಎಂದು ತೀರ್ಮಾನ ಕೊಟ್ಟಿತು. ವಿದ್ಯಾರ್ಥಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರು. ಸಾವು ಸ್ವಲ್ಪ ಕಾಲ ಕಡಿಮೆಯಾಯಿತು. ಮತ್ತೆ ಏರಿತು. ನೋಡಿ, ಅಲ್ಲಿಯೂ ಮೊದಲು ಸಿಕ್ಕವರು ಹೊರಗಿನವರೇ, ದನಿಯಿಲ್ಲದವರೇ. ಅಲ್ಲಿಯೂ ಅವರನ್ನು ಹೊರಹಾಕಿದ ಮೇಲೆ ನಾಲ್ಕು ದಿನ ನೆಮ್ಮದಿಯೇ.

ಇಗ್ನಾಜ್ ಸೆಮೆಲ್ವೈಸ್ ಎಂಬ ತರುಣ ವೈದ್ಯ 1846ರಲ್ಲಿ ಆ ಮೊದಲನೆಯ ವಿಭಾಗಕ್ಕೆ ಸಹಾಯಕನಾಗಿ ಬಂದ. ಅವನು ಕೇಳಿದ ಪ್ರಶ್ನೆಯೇ ಬೇರೆ. ಎರಡೂ ವಿಭಾಗಗಳಿಗೆ ಇರುವ ವ್ಯತ್ಯಾಸವೇನು? ಜನಸಂದಣಿಯೇ? ಇಲ್ಲ, ಸೂಲಗಿತ್ತಿಯರ ಕಡೆಯೇ ಹೆಚ್ಚು ಜನ. ಹವೆಯೇ? ಎರಡಕ್ಕೂ ಒಂದೇ ಹವೆ. ಅಲ್ಲಿ ಮಗ್ಗುಲಲ್ಲಿ ಮಲಗಿಸಿ ಹೆರಿಗೆ ಮಾಡಿಸುತ್ತಾರೆ, ಇಲ್ಲಿ ಅಂಗಾತ. ಇಲ್ಲಿಯೂ ಮಗ್ಗುಲಲ್ಲಿ ಮಲಗಿಸಿದ; ಪ್ರಯೋಜನವಾಗಲಿಲ್ಲ. ಸಾಯುವವರಿಗೆ ಪ್ರಾರ್ಥನೆ ಹೇಳಲು ಪಾದ್ರಿ ಗಂಟೆ ಬಾರಿಸುತ್ತಾ ಈ ವಾರ್ಡನ್ನು ಹಾದು ಹೋಗುತ್ತಾನೆ, ಆ ಭಯಕ್ಕೆ ಜ್ವರ ಬರುತ್ತದೆಯೋ ಎಂದು ಗಂಟೆಯನ್ನೂ ನಿಲ್ಲಿಸಿದ. ಅದೂ ಅಲ್ಲ. ಒಂದೊಂದನ್ನೇ ಹೀಗೆ ಅಳಿಸುತ್ತಾ ಬಂದ. 1847ರಲ್ಲಿ ಅವನ ಗೆಳೆಯನೊಬ್ಬ ಹೆಣ ಕೊಯ್ದು ಪರೀಕ್ಷಿಸುವಾಗ ಚಾಕು ತಗುಲಿ ಸತ್ತ. ಅವನ ರೋಗದ ಲಕ್ಷಣಗಳೂ ಬಾಣಂತಿಯರದೂ ಒಂದೇ. ಆಗ ಹೊಳೆಯಿತು: ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣಗಳನ್ನು ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಆ ಕೆಲಸವಿರಲಿಲ್ಲ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಒಳಗೆ ಬರಕೂಡದೆಂದು ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ 2ರ ಸುಮಾರಿಗೆ ಇಳಿಯಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವನ ಮಾತಿಗೆ "ಕೊಂದವರು ನಾವೇ" ಎಂಬ ಅರ್ಥ ಬರುತ್ತಿದ್ದುದರಿಂದ ಹಿರಿಯ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಸೆಮೆಲ್ವೈಸನೂ ಕೊನೆಕೊನೆಗೆ ತನ್ನನ್ನು ವಿರೋಧಿಸಿದವರನ್ನು ಕೊಲೆಗಾರರೆಂದೇ ಬರೆದ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡ. 'ಏಕೆ' ಎಂದು ಕೇಳಿ ಗೆದ್ದವನು 'ಯಾರು' ಎಂಬ ಜಗಳದಲ್ಲಿ ಸೋತ ಎಂದು ನನಗೆ ಅನಿಸುತ್ತದೆ.

ನಮ್ಮ ನರ್ಸಿಂಗ್ ಹೋಮಿಗೆ ಅಂಥ ಮೇಧಾವಿಯೇನೂ ಬರಲಿಲ್ಲ. ಬಂದದ್ದು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆಯ ಒಬ್ಬ ಮೆಕ್ಯಾನಿಕ್. ಬಟ್ಟೆ, ಸಲಕರಣೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವಿನ ರಬ್ಬರ್ ಉಂಗುರ ಸವೆದಿತ್ತು, ಬದಲಿಸಲು ಬಂದಿದ್ದರು. ಕೆಲಸ ಮುಗಿಸಿ, ನಾವು ಯಂತ್ರ ಹಾಕುವುದನ್ನು ನೋಡುತ್ತಾ ನಿಂತರು.

"ಸಿಸ್ಟರ್, ಮನೇಲಿ ಕುಕ್ಕರಿಗೆ ವೆಯ್ಟ್ ಯಾವಾಗ ಹಾಕ್ತೀರಿ?" ಎಂದರು.

"ಹಬೆ ಜೋರಾಗಿ ಬರೋದಕ್ಕೆ ಶುರುವಾದ ಮೇಲೆ."

"ಮತ್ತೆ ಇಲ್ಲಿ ಯಾಕೆ ಮೊದಲೇ ವಾಲ್ವ್ ಮುಚ್ಚಿಸ್ತೀರಿ?"

ಬಿಸಿಲಲ್ಲಿ ತಲೆಯ ಮೇಲೆ ತಣ್ಣೀರು ಸುರಿದಹಾಗಾಯಿತು. ಆಟೋಕ್ಲೇವ್ ಎಂದರೆ ದೊಡ್ಡ ಕುಕ್ಕರೇ. ಮುಳ್ಳು 15 ಪೌಂಡ್ ಒತ್ತಡ ತೋರಿಸಿದಾಗ ಒಳಗೆ 121 ಡಿಗ್ರಿ ಶಾಖ ಇರಬೇಕು. ಆದರೆ ಅದು ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ ಬರೀ ಹಬೆ ತುಂಬಿದ್ದರೆ ಮಾತ್ರ. ಗಾಳಿ ಅರ್ಧ ಉಳಿದುಬಿಟ್ಟರೆ ಮುಳ್ಳು ಅದೇ 15 ತೋರಿಸುತ್ತದೆ, ಶಾಖ 112ರ ಸುಮಾರಿಗೆ ನಿಲ್ಲುತ್ತದೆ. ಅಷ್ಟಕ್ಕೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಮುಳ್ಳು ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ತಪ್ಪಾಗಿ ನಂಬಿದ್ದೆವು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ.

ಆಗ ಬೇಸಿಗೆ, ಕರೆಂಟು ಕಡಿತದ ಕಾಲ. ಬೆಳಿಗ್ಗೆ ಕರೆಂಟು ಇರುವ ಎರಡು ಗಂಟೆಯೊಳಗೆ ಎರಡು ಸರದಿ ಡ್ರಮ್ಮು ತೆಗೆಯಬೇಕು. ಜನರೇಟರ್ ಇಲ್ಲ. ಗಾಳಿ ಹೋಗಲೆಂದು ಹತ್ತು ನಿಮಿಷ ಕಾದರೆ ಎರಡನೆಯ ಸರದಿ ನಡುವೆಯೇ ನಿಲ್ಲುತ್ತದೆ. ಅದಕ್ಕೇ ಆ ಹುಡುಗನಿಗೆ "ಬೇಗ ಮುಚ್ಚಪ್ಪ, ಕರೆಂಟ್ ಹೋಗುತ್ತೆ" ಎಂದು ಹೇಳಿದವಳು ನಾನು. ಕೇಸುಗಳು ಹೆಚ್ಚಿದಾಗ ಇದ್ದ ನಾಲ್ಕೇ ಡ್ರಮ್ಮುಗಳಿಗೆ ಬಟ್ಟೆಯನ್ನು ಒತ್ತಿ ತುರುಕಿಸಿದವಳೂ ನಾನೇ. ಹಾಗೆ ತುರುಕಿದರೆ ನಡುವಿನ ಮಡಿಕೆಗಳಿಗೆ ಹಬೆ ಹೋಗುವುದಿಲ್ಲ. ಕೇಸು ಕಡಿಮೆಯಿದ್ದ ಮೂರು ವಾರ ಡ್ರಮ್ಮು ಸಡಿಲವಾಗಿತ್ತು, ಸರದಿ ಒಂದೇ ಇತ್ತು, ಅವಸರವಿರಲಿಲ್ಲ. ಕೀವು ನಿಂತದ್ದು ಅದಕ್ಕೆ. ಆಯಾ ಹೋದದ್ದಕ್ಕಲ್ಲ.

ಡಾಕ್ಟರಿಗೆ ಹೇಳಿದೆ. ವಾಲ್ವಿನ ವಿಷಯ ಹೇಳಿದೆ, ಡ್ರಮ್ಮಿನ ವಿಷಯ ಹೇಳಿದೆ. ಹುಡುಗನಿಗೆ ಹಾಗೆ ಮಾಡಲು ಹೇಳಿದ್ದು ನಾನೆಂದು ಮಾತ್ರ ಹೇಳಲಿಲ್ಲ. "ಹೀಗಾಗಿಬಿಟ್ಟಿದೆ ಸಾರ್" ಎಂದೆ. ಕನ್ನಡದಲ್ಲಿ ಇದೊಂದು ಅನುಕೂಲ, ಮಾಡಿದವರ ಹೆಸರಿಲ್ಲದೆಯೇ ಎಲ್ಲವೂ ಆಗಿಬಿಡುತ್ತದೆ. ಡಾಕ್ಟರು ಒಳ್ಳೆಯವರೇ. ಎಂಟು ಡ್ರಮ್ಮು ತರಿಸಿದರು, ಶಾಖ ತಗುಲಿದರೆ ಬಣ್ಣ ಬದಲಿಸುವ ಟೇಪು ತರಿಸಿದರು, ಒಂದು ಜನರೇಟರನ್ನೂ ಹಾಕಿಸಿದರು. ಆಮೇಲೆ ನಾನಿದ್ದಷ್ಟು ಕಾಲ ಹಾಗೆ ಸಾಲಾಗಿ ಹೊಲಿಗೆ ಕೆಟ್ಟದ್ದಿಲ್ಲ. ಆಯಾಳನ್ನು ವಾಪಸು ಕರೆಸಿ ಎಂದು ಅವರಿಗೂ ಹೊಳೆಯಲಿಲ್ಲ, ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಇದಕ್ಕೆಲ್ಲ ಒಂದು ಕ್ರಮವಿದೆ, ಶಾಸ್ತ್ರವಿದೆ ಎಂದು ತಿಳಿದದ್ದು ಬಹಳ ತಡವಾಗಿ, ಅದೂ ಆಸ್ಪತ್ರೆಯಿಂದಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. 1997ರಲ್ಲಿ ಅಲ್ಲಿಗೆ ಜಪಾನಿನ ಟೊಯೋಟಾ ಕಂಪನಿ ಕಿರ್ಲೋಸ್ಕರ್ ಜೊತೆಗೂಡಿ ಬಂತು. ನನ್ನ ಅಕ್ಕನ ಮಗ ಅಲ್ಲಿ ಕೆಲಸಕ್ಕೆ ಸೇರಿದ. ಒಂದು ಭಾನುವಾರ ಊಟಕ್ಕೆ ಬಂದವನು, ನಮ್ಮ ಮನೆಯ ನೀರೆತ್ತುವ ಮೋಟರು ಪದೇಪದೇ ಸುಡುತ್ತದೆ ಎಂದಾಗ, "ಚಿಕ್ಕಮ್ಮ, ಐದು ಸಲ ಏಕೆ ಅಂತ ಕೇಳಿ ನೋಡಿ" ಎಂದ. ಟೊಯೋಟಾದ ಮೂಲಪುರುಷ ಸಾಕಿಚಿ ಟೊಯೋಡಾ ಹೇಳಿಕೊಟ್ಟ ಉಪಾಯವಂತೆ. ಯಂತ್ರ ನಿಂತಿತು, ಏಕೆ? ಫ್ಯೂಸು ಹೋಯಿತು. ಅಲ್ಲಿಗೇ ನಿಂತು ಫ್ಯೂಸು ಹಾಕಿದರೆ ನಾಳೆ ಮತ್ತೆ ಹೋಗುತ್ತದೆ. ಫ್ಯೂಸು ಏಕೆ ಹೋಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿಲ್ಲ. ಏಕೆ? ಅದರ ದಂಡ ಸವೆದಿದೆ. ಏಕೆ? ಜಾಲರಿ ಇಲ್ಲದೆ ಕಬ್ಬಿಣದ ಚೂರು ಒಳಗೆ ಹೋಗಿದೆ. ಹಾಕಬೇಕಾದ್ದು ಫ್ಯೂಸಲ್ಲ, ಜಾಲರಿ.

ಅಂದು ರಾತ್ರಿ ಪಾತ್ರೆ ತೊಳೆಯುತ್ತಾ ನಮ್ಮ 1986ರ ಕೀವಿಗೂ ಐದು ಸಲ ಕೇಳಿ ನೋಡಿದೆ. ಹೊಲಿಗೆ ಏಕೆ ಕೀವಾಯಿತು? ಬಟ್ಟೆ ಶುದ್ಧಿಯಾಗಿರಲಿಲ್ಲ. ಏಕೆ? ಒಳಗಿನವರೆಗೆ ಹಬೆ ಹೋಗಿರಲಿಲ್ಲ. ಏಕೆ? ವಾಲ್ವ್ ಬೇಗ ಮುಚ್ಚಿದೆವು, ಡ್ರಮ್ಮು ತುರುಕಿದೆವು. ಏಕೆ? ಕೇಸು ಎರಡರಷ್ಟಾಯಿತು, ಡ್ರಮ್ಮೂ ಕರೆಂಟೂ ಅಷ್ಟೇ ಇದ್ದವು. ಏಕೆ ಯಾರೂ ಅದನ್ನು ಸರಿಮಾಡಲಿಲ್ಲ? ದಿನಕ್ಕೆ ಎಷ್ಟು ಕೇಸೆಂದು ಗೊತ್ತುಮಾಡುವವರು ಆ ಯಂತ್ರದ ಕೋಣೆಗೆ ಕಾಲಿಟ್ಟವರಲ್ಲ, ಕೋಣೆಯಲ್ಲಿದ್ದ ನಾನು ಹೇಳಿರಲಿಲ್ಲ. ಇಲ್ಲಿಗೆ ಐದಾಯಿತು. ಆರನೆಯದೂ ತಾನಾಗಿಯೇ ಬಂತು: ನಾನೇಕೆ ಹೇಳಲಿಲ್ಲ? ಹೇಳಿದರೆ "ಹಾಗಾದರೆ ಇಷ್ಟು ದಿನ ಮಾಡಿದ್ದು ಯಾರು?" ಎಂದು ಕೇಳುತ್ತಾರೆಂಬ ಭಯ.

ಬೇರು ಅಲ್ಲಿತ್ತು. 'ಯಾರು' ಎಂದು ಕೇಳುವ ಮನೆಯಲ್ಲಿ 'ಏಕೆ' ಎಂಬುದಕ್ಕೆ ಉತ್ತರ ಸಿಕ್ಕುವುದಿಲ್ಲ. ಉತ್ತರ ಗೊತ್ತಿರುವವರೇ ಅದನ್ನು ಬಚ್ಚಿಡುತ್ತಾರೆ. ಇಷ್ಟು ತಿಳಿಯಲು ನನಗೆ ಹದಿನೈದು ವರ್ಷ ಹಿಡಿಯಿತು.

ಜಗತ್ತಿನ ಆಸ್ಪತ್ರೆಗಳಿಗೂ ಇದು ನಿಧಾನವಾಗಿಯೇ ತಿಳಿಯಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿತು. ರೋಗಿ ಇವರೇ ತಾನೆ, ಕೊಯ್ಯಬೇಕಾದ ಜಾಗ ಇದೇ ತಾನೆ, ಸಲಕರಣೆ ಶುದ್ಧಿಯಾದದ್ದಕ್ಕೆ ಗುರುತಿದೆಯೇ, ಕೊನೆಗೆ ಬಟ್ಟೆ ಸೂಜಿಗಳ ಎಣಿಕೆ ಸರಿಹೋಯಿತೇ, ಇಂಥವು. ಮದುವೆಮನೆಯ ಸಾಮಾನಿನ ಪಟ್ಟಿಯಂತೆ ಇದೂ ಸಾಮಾನ್ಯವಾದದ್ದೇ. ದೆಹಲಿಯೂ ಸೇರಿ ಎಂಟು ದೇಶಗಳ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ನನಗೆ ಹಿಡಿಸಿದ್ದು ಅದರ ಇನ್ನೊಂದು ಅಂಶ. ಚಾಕು ಹಿಡಿಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ಒಮ್ಮೆ ಬಾಯಿ ಬಿಟ್ಟವರು ಮುಂದೆ ತಪ್ಪು ಕಂಡಾಗಲೂ ಬಾಯಿ ಬಿಡುತ್ತಾರೆ ಎಂಬ ಲೆಕ್ಕ. ನಮ್ಮ ಕಾಲದಲ್ಲಿ ಹೀಗಿದ್ದಿದ್ದರೆ ಎಂದುಕೊಳ್ಳುತ್ತೇನೆ.

ಪಟ್ಟಿ ಬಂದರೂ ಬುದ್ಧಿ ಬರಬೇಕಲ್ಲ. 2019ರ ಜುಲೈ 9ರಂದು ನಮ್ಮ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 24 ಜನರಿಗೆ ಪೊರೆ ತೆಗೆದರು. 1896ರಲ್ಲಿ ಆರಂಭವಾಗಿ, ಎಷ್ಟು ತಲೆಮಾರುಗಳ ಅಜ್ಜ ಅಜ್ಜಿಯರಿಗೆ ಕಣ್ಣು ಕೊಟ್ಟ ಆಸ್ಪತ್ರೆ ಅದು. ಆ ದಿನ ಹೋದವರಲ್ಲಿ ಬಹುಪಾಲು ಜನರಿಗೆ ಸೋಂಕು ತಗುಲಿತು, ಹಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಬೆಳಕು ಬರುತ್ತದೆಂದು ಹೋಗಿ ಕತ್ತಲೆ ಹೊತ್ತು ಬಂದವರ ದುಃಖ ಸಣ್ಣದಲ್ಲ. ನವೆಂಬರಿನಲ್ಲಿ ನ್ಯಾಯ ಕೇಳಲು ಹೋದ ಪ್ರತಿಭಟನಕಾರರು ಅಲ್ಲಿನ ಕಿರಿಯ ವೈದ್ಯರ ಮೇಲೆ ಕೈ ಮಾಡಿದರು. ಅದಕ್ಕೆ ವೈದ್ಯರ ಮುಷ್ಕರ, ರಾಜ್ಯದ ಹೊರರೋಗಿ ವಿಭಾಗಗಳ ಬಂದ್. ಅತ್ತ ತನಿಖೆಯ ಬೆರಳು ಬೇರೊಂದು ಕಡೆ ತೋರಿಸುತ್ತಿತ್ತು. ಪೊರೆ ತೆಗೆಯುವಾಗ ಕಣ್ಣಿನೊಳಗಿನ ಸೂಕ್ಷ್ಮ ಭಾಗಗಳಿಗೆ ಪೆಟ್ಟಾಗದಿರಲೆಂದು ಅಂಟಿನಂಥ ಒಂದು ದ್ರವವನ್ನು ತುಂಬುತ್ತಾರೆ. ಹೊರಗಿನಿಂದ ಪೂರೈಕೆಯಾಗಿ ಬಂದ ಆ ದ್ರವವೇ ಕಲುಷಿತವಾಗಿತ್ತೆಂಬುದು ಕಂಡುಬಂತು. ವೈದ್ಯರ ಕೈ ಎಷ್ಟೇ ಶುದ್ಧವಿದ್ದರೂ ಮುಚ್ಚಿದ ಬಾಟಲಿಯೊಳಗಿನದು ಕಣ್ಣಿಗೆ ಕಾಣುವುದಿಲ್ಲ. ಪೆಟ್ಟು ತಿಂದವರು ಎದುರಿಗೆ ಸಿಕ್ಕವರು.

ಐದು ವರ್ಷ ಕಳೆದ ಮೇಲೆ ಬಳ್ಳಾರಿ. 2024ರ ನವೆಂಬರ್ 9ರಿಂದ 11ರವರೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. ಏಳು ಬಾಣಂತಿಯರ ಸ್ಥಿತಿ ಕೆಟ್ಟಿತು, ಮೂತ್ರಪಿಂಡ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಐದು ಮನೆಗಳಲ್ಲಿ ಐದು ಹಸುಗೂಸುಗಳು ತಾಯಿಯ ಮುಖ ಕಾಣದೆ ಉಳಿದವು. ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಅಲ್ಲಿ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ. ನಾವು ವಾಡಿಕೆಯಲ್ಲಿ 'ಡ್ರಿಪ್ಸ್' ಎಂದು ಕರೆಯುವ ಬಾಟಲಿಗಳಲ್ಲಿ ಅದೂ ಒಂದು. ನನ್ನ ಕೈಯಿಂದಲೇ ಸಾವಿರಾರು ಬಾಟಲಿ ಏರಿಸಿದ್ದೇನೆ, ನೀರಿನಷ್ಟೇ ನಂಬಿ. ಒಂದೊಂದೇ 'ಏಕೆ' ಕೇಳುತ್ತಾ ಹೋದಾಗ ಮೇಲಿನ ಮಹಡಿಗಳೂ ಕಂಡವು. ಆ ಪೂರೈಕೆದಾರರ ದ್ರವದ ಗುಣಮಟ್ಟದ ಬಗ್ಗೆ ರಾಜ್ಯದಲ್ಲಿ ಮೊದಲೇ ತಕರಾರು ಎದ್ದು ಬಳಕೆ ತಡೆಹಿಡಿದಿದ್ದರು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದ ಮೇಲೆ ಅದು ಮತ್ತೆ ವಾರ್ಡುಗಳಿಗೆ ಬಂದಿತ್ತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಅದಕ್ಕಿಂತ ಮುಖ್ಯವಾದ ಕೆಲಸವೊಂದು ಆಯಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಿ ತೀರಿಕೊಂಡ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿದರು. ನೂರಕ್ಕೆ 70ಕ್ಕಿಂತ ಹೆಚ್ಚು ಸಾವುಗಳನ್ನು ತಪ್ಪಿಸಬಹುದಾಗಿತ್ತು ಎಂದು ವರದಿ ಹೇಳಿತು. ಬಾಟಲಿಯೊಂದನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ ಎಂದೇ ಅದರ ಅರ್ಥ.

2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದಲ್ಲಿಯೂ ಸಿಸೇರಿಯನ್ ಆದ ತಾಯಂದಿರು ಅಸ್ವಸ್ಥರಾಗಿ ಒಬ್ಬರು ಸತ್ತರು. ಅಲ್ಲಿಯೂ ಆ ದ್ರವದ ಮಾತೇ ಬಂತು. ಆದರೆ ಅಲ್ಲಿನ ಸರ್ಕಾರ 12 ವೈದ್ಯರನ್ನು ಅಮಾನತು ಮಾಡಿತು. ಹಿರಿಯರಿಲ್ಲದೆ, ಕಲಿಯುವ ವೈದ್ಯರೇ ಶಸ್ತ್ರಚಿಕಿತ್ಸೆ ಮಾಡಿದರೆಂಬುದು ಆರೋಪ. ಯಾವುದು ಸರಿ? ಎರಡೂ ಇರಬಹುದು. ಅನಾಹುತಕ್ಕೆ ಒಂದೇ ಬೇರು ಇರುವುದು ಅಪರೂಪ. ಜಪಾನಿನ ಇಶಿಕಾವಾ ಎಂಬ ಎಂಜಿನಿಯರು ಇದಕ್ಕೆಂದೇ ಮೀನಿನ ಮುಳ್ಳಿನಂಥ ಚಿತ್ರ ಮಾಡಿಕೊಟ್ಟರು. ತಲೆಯ ಕಡೆ ಆದ ತೊಂದರೆ, ಬೆನ್ನೆಲುಬಿನ ಎರಡೂ ಕಡೆ ಜನ, ಯಂತ್ರ, ಸಾಮಾನು, ವಿಧಾನ ಎಂದು ಒಂದೊಂದು ಮುಳ್ಳು. ಒಂದು ಮುಳ್ಳು ಕಿತ್ತರೆ ಮೀನು ಹೋಗುವುದಿಲ್ಲ.

ಹಾಗೆಂದು ಯಾರಿಗೂ ಶಿಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕೆಟ್ಟದ್ದೆಂದು ತಿಳಿದೂ ಮಾರುವವರನ್ನು, ಕರೆದರೂ ಬಾರದವರನ್ನು ಬಿಡಬಾರದು. ಆದರೆ ಶಿಕ್ಷೆ ಕೊಟ್ಟಮಾತ್ರಕ್ಕೆ ಕಾರಣ ಸಿಕ್ಕಿತೆಂದು ತಿಳಿಯಬಾರದು. ಮುಂದಿನ ಬಾಣಂತಿಗೆ ಬೇಕಾದದ್ದು ಕಾರಣ.

ಆದ್ದರಿಂದ ಈಗ ಕೈಗುಣ ಕೇಳಿ ಬರುವವರಿಗೆ ನಾನು ಬೇರೆ ಕೆಲವು ಪ್ರಶ್ನೆ ಹೇಳಿಕೊಡುತ್ತೇನೆ. ಆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಪಟ್ಟಿ ಓದುತ್ತಾರೆಯೇ? ಹೊಲಿಗೆ ಕೆಟ್ಟ ಕೇಸುಗಳ ಲೆಕ್ಕ ಇಡುತ್ತಾರೆಯೇ? ರಾತ್ರಿ ತೊಂದರೆಯಾದರೆ ಹಿರಿಯ ಡಾಕ್ಟರು ಬರುತ್ತಾರೆಯೇ, ರಕ್ತ ಎಲ್ಲಿಂದ ತರುತ್ತಾರೆ? ಕೇಳಿದಾಗ ಸಿಡುಕುತ್ತಾರೆಯೋ, ಕೂರಿಸಿ ಹೇಳುತ್ತಾರೆಯೋ? ಕೊನೆಯ ಪ್ರಶ್ನೆಯ ಉತ್ತರದಲ್ಲೇ ಬಹಳಷ್ಟು ತಿಳಿದುಹೋಗುತ್ತದೆ.

ಆಯಾಳ ಮಾತು ಹೇಳಿ ಮುಗಿಸುತ್ತೇನೆ. ಅಕ್ಕನ ಮಗನೊಡನೆ ಆ ಮಾತುಕತೆಯಾದ ಕೆಲವು ತಿಂಗಳಿಗೆ ಕೆಂಗೇರಿಗೆ ಹೋಗಿದ್ದೆ. ಬಸ್ ನಿಲ್ದಾಣದ ಬಳಿ ಸೊಪ್ಪು ಮಾರುತ್ತಾ ಕೂತಿದ್ದವಳು ಅವಳೇ. ತಲೆ ನೆರೆತಿತ್ತು. ನನಗಿಂತ ಮೊದಲು ಅವಳೇ ಗುರುತು ಹಿಡಿದಳು. "ಸಿಸ್ಟರಮ್ಮ, ಚೆನ್ನಾಗಿದೀರಾ?" ಎಂದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕುಕ್ಕರಿನ ವಿಷಯ, ಕರೆಂಟಿನ ವಿಷಯ, "ಬೇಗ ಮುಚ್ಚು" ಎಂದದ್ದು ನಾನು ಎಂಬ ವಿಷಯ. ಬೈಯಲಿ ಎಂದು ಕಾದೆ.

ಅವಳು ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಾ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಂಗಾದ್ರೆ ನನ್ ಕೈಯಿಂದ ಆಗಿದ್ದಲ್ವಾ ಸಿಸ್ಟರಮ್ಮ?"

"ಅಲ್ಲಮ್ಮ."

"ಆಗ ನನ್ ಮಗ ಎಳೇದು. ವರ್ಷಗಟ್ಲೆ ಅವನಿಗೆ ಅನ್ನ ಕಲಸಕ್ಕೂ ಹೆದರ್ತಿದ್ದೆ. ಸ್ಪೂನಲ್ಲೇ ತಿನ್ನಿಸ್ದೆ" ಎಂದಳು. ಮಗ ಈಗ ಆಟೋ ಓಡಿಸುತ್ತಾನೆ, ಚೆನ್ನಾಗಿದ್ದಾನೆ ಎಂದಳು. ಎರಡು ಕಟ್ಟು ದಂಟಿನಸೊಪ್ಪು ನನ್ನ ಚೀಲಕ್ಕೆ ಹಾಕಿದಳು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಒಂದು ಮಾತನ್ನು ಹೇಳಬೇಕಾದ ದಿನ ಹೇಳಿದ್ದರೆ ಆ ಮಗು ತಾಯಿಯ ಕೈತುತ್ತು ತಿನ್ನುತ್ತಿತ್ತು.